ವಿದ್ಯಾರ್ಥಿವೇತನ: ಸಾಲವೇ, ಹಂಗೇ, ಋಣವೇ?

ಜೂನ್ ತಿಂಗಳು ಬಂತೆಂದರೆ ಧರ್ಮಕೇಂದ್ರದ ಕಚೇರಿಯ ಮೇಜಿನ ಮೇಲೆ ಅರ್ಜಿಗಳ ರಾಶಿ ಬೆಳೆಯತೊಡಗುತ್ತದೆ. ಮಳೆಯಲ್ಲಿ ನೆನೆದ ಕೊಡೆಯನ್ನು ಬಾಗಿಲ ಬಳಿ ಒರಗಿಸಿ, ಅಂಕಪಟ್ಟಿ, ಆದಾಯ ಪ್ರಮಾಣಪತ್ರ, ಬ್ಯಾಂಕಿನ ಪಾಸ್‌ಪುಸ್ತಕದ ಪ್ರತಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ತಂದ ತಾಯಂದಿರು ಹೊರಗಿನ ಬೆಂಚಿನ ಮೇಲೆ ಕುಳಿತಿರುತ್ತಾರೆ. ಹಿಂದೆ ಇಂತಹ ಅರ್ಜಿಗಳು ಬಹುಮಟ್ಟಿಗೆ ನರ್ಸಿಂಗ್, ಐ.ಟಿ.ಐ., ಶಿಕ್ಷಕರ ತರಬೇತಿ ಮುಂತಾದವುಗಳಿಗೆ ಸಂಬಂಧಿಸಿದವಾಗಿರುತ್ತಿದ್ದವು. ಈಚಿನ ವರ್ಷಗಳಲ್ಲಿ ಅವುಗಳ ನಡುವೆ ಎಂ.ಬಿ.ಎ. ಎಂಬ ಮೂರಕ್ಷರವೂ ಕಾಣಿಸಿಕೊಳ್ಳುತ್ತಿದೆ. ನಮ್ಮ ಮಕ್ಕಳು ವ್ಯವಹಾರಾಡಳಿತದ ದೊಡ್ಡ ದೊಡ್ಡ ಸಂಸ್ಥೆಗಳ ಬಾಗಿಲು ತಟ್ಟುತ್ತಿದ್ದಾರೆಂಬುದು ಸಂತೋಷದ ವಿಷಯ. ಆದರೆ ಆ ಬಾಗಿಲನ್ನು ವಿದ್ಯಾರ್ಥಿವೇತನದ ನೆರವಿನಿಂದ ದಾಟಿದ ಮಗುವಿಗೆ ಒಳಗೆ ಏನಾಗುತ್ತದೆ ಎಂಬುದನ್ನು ನಾವು ಯಾರೂ ಕೇಳಿದ್ದಿಲ್ಲ. ಹಣ ಮಂಜೂರಾಯಿತೆಂಬಲ್ಲಿಗೆ ನಮ್ಮ ವಿಚಾರಣೆ ಮುಗಿಯುತ್ತದೆ. ನಾನೂ ಕೇಳಿರಲಿಲ್ಲ. ಅದಕ್ಕಾಗಿಯೇ ಈ ವಾರದ ಬರಹ.

ಮೊದಲು ಪದವನ್ನೇ ನೋಡೋಣ. ನಾವು ಇದನ್ನು ವಿದ್ಯಾರ್ಥಿ‘ವೇತನ’ ಎಂದು ಕರೆಯುತ್ತೇವೆ. ವೇತನವೆಂದರೆ ದುಡಿಮೆಗೆ ಸಲ್ಲುವ ಸಂಬಳ. ವಿದ್ಯಾರ್ಥಿಯಾದರೋ ಕೊಟ್ಟವರಿಗಾಗಿ ಇನ್ನೂ ಏನನ್ನೂ ದುಡಿದಿಲ್ಲ. ಹಾಗಿದ್ದಮೇಲೆ ಅವನು ಪಡೆದದ್ದು ಏನು? ನಮ್ಮ ಕನ್ನಡದಲ್ಲಿ ಇದಕ್ಕೆ ಉತ್ತರವಾಗಬಲ್ಲ ಮೂರು ಪದಗಳಿವೆ: ಸಾಲ, ಹಂಗು, ಋಣ. ಮೇಲ್ನೋಟಕ್ಕೆ ಮೂರೂ ಒಂದೇ ಎನಿಸಿದರೂ ಬದುಕಿನಲ್ಲಿ ಅವುಗಳ ನಡುವೆ ಅಜಗಜಾಂತರವಿದೆ. ಸಾಲಕ್ಕೆ ಲೆಕ್ಕವುಂಟು, ಬಡ್ಡಿಸಹಿತ ತೀರಿಸಿದರೆ ಅದು ಮುಗಿಯಿತು. ಹಂಗಿಗೆ ಲೆಕ್ಕವಿಲ್ಲ, ಆದುದರಿಂದ ಕೊನೆಯೂ ಇಲ್ಲ. ಪಡೆದವನ ತಲೆಯನ್ನು ತಗ್ಗಿಸಿಯೇ ಇಡುವುದು ಅದರ ಸ್ವಭಾವ. ಋಣಕ್ಕೂ ಲೆಕ್ಕವಿಲ್ಲ, ಆದರೆ ಅದು ತಲೆ ತಗ್ಗಿಸುವುದಿಲ್ಲ. ತಾಯಿಯ ಋಣ, ಅನ್ನದ ಋಣ ಎಂದು ಹೇಳುವಾಗ ನಮ್ಮಲ್ಲಿ ಯಾರಿಗೂ ಅವಮಾನವಾಗದು.

ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ತಮ್ಮ ‘ಸುಮ್ಮಾ ತಿಯೊಲೊಜಿಯೇ’ ಎಂಬ ಮಹಾಗ್ರಂಥದಲ್ಲಿ ಕೃತಜ್ಞತೆಯೆಂಬ ಸದ್ಗುಣವನ್ನು ವಿವೇಚಿಸುವಾಗ ಇದೇ ಭೇದವನ್ನು ಮಾಡುತ್ತಾರೆ. ಕಾನೂನಿನ ಋಣಭಾರವು ನ್ಯಾಯಕ್ಕೆ ಸೇರಿದ್ದು, ಅದನ್ನು ಅಳೆದು ತೂಗಿ ಹಿಂದಿರುಗಿಸಬೇಕು. ಉಪಕಾರದ ಋಣವು ನೈತಿಕವಾದದ್ದು, ಅದರಲ್ಲಿ ಎಷ್ಟು ಕೊಟ್ಟರು ಎಂಬುದಕ್ಕಿಂತಲೂ ಯಾವ ಮನಸ್ಸಿನಿಂದ ಕೊಟ್ಟರು ಎಂಬುದೇ ಮುಖ್ಯ. ಸೆಮಿನರಿಯಲ್ಲಿ ಇದನ್ನು ಓದಿ ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದವನು ನಾನು. ಆದರೆ ಅದರ ಅರ್ಥವನ್ನು ನನಗೆ ತಿಳಿಸಿಕೊಟ್ಟವನು ನಮ್ಮದೇ ಧರ್ಮಕೇಂದ್ರದ ಒಬ್ಬ ಹುಡುಗ.

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನು ಕರಾವಳಿಯ ಬೇರೊಂದು ಧರ್ಮಕೇಂದ್ರದಲ್ಲಿದ್ದೆ. ತಂದೆ ಗಲ್ಫಿನಿಂದ ಅನಾರೋಗ್ಯದಿಂದ ಮರಳಿ ಬಂದು ಮನೆಯಲ್ಲಿದ್ದರು. ತಾಯಿ ಬೀಡಿ ಕಟ್ಟಿ ಸಂಸಾರ ನಡೆಸುತ್ತಿದ್ದರು. ಹಿರಿಯ ಮಗ ಬಿ.ಕಾಂ. ಮುಗಿಸಿ, ಒಂದು ಲೆಕ್ಕಪತ್ರದ ಕಚೇರಿಯಲ್ಲಿ ದುಡಿಯುತ್ತಲೇ ರಾತ್ರಿ ಓದಿ, ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಹೊರರಾಜ್ಯದ ಹೆಸರಾಂತ ಸಂಸ್ಥೆಯೊಂದರಲ್ಲಿ ಸ್ಥಾನ ಪಡೆದ. ಕುಟುಂಬದ ಆದಾಯವನ್ನು ಪರಿಶೀಲಿಸಿ ಸಂಸ್ಥೆಯು ಬೋಧನಾ ಶುಲ್ಕವನ್ನು ಪೂರ್ತಿಯಾಗಿ ಮನ್ನಾ ಮಾಡಿತು. ವಸತಿ, ಪ್ರಯಾಣ, ಲ್ಯಾಪ್‌ಟಾಪ್ ಮುಂತಾದ ವೆಚ್ಚಗಳಿಗಾಗಿ ನಮ್ಮ ಶಿಕ್ಷಣ ನಿಧಿಯಿಂದ 60,000 ರೂಪಾಯಿಗಳನ್ನು ಕೊಟ್ಟೆವು.

ಅವನು ಹೊರಡುವ ಮುನ್ನಿನ ಭಾನುವಾರ, ಪೂಜೆಯ ಕೊನೆಗೆ ನಾನು ಅವನನ್ನು ಪೀಠದ ಬಳಿಗೆ ಕರೆದೆ. ಸಂಸ್ಥೆಯ ಹೆಸರು ಹೇಳಿದೆ, ಮನ್ನಾ ಆದ ಶುಲ್ಕವೆಷ್ಟೆಂದು ಹೇಳಿದೆ, ನಮ್ಮ ನಿಧಿಯ ಮೊತ್ತವನ್ನೂ ಹೇಳಿದೆ. ಅವನ ತಾಯಿ ಬೀಡಿ ಕಟ್ಟಿ ಮಗನನ್ನು ಓದಿಸಿದ ಕಥೆಯನ್ನು ಭಾವಪೂರ್ಣವಾಗಿ ವರ್ಣಿಸಿದೆ. ಜನ ಚಪ್ಪಾಳೆ ತಟ್ಟಿದರು. ಕೆಲವರ ಕಣ್ಣು ಒದ್ದೆಯಾದವು. ಒಂದು ಒಳ್ಳೆಯ ಕೆಲಸ ಮಾಡಿದೆನೆಂಬ ತೃಪ್ತಿಯಲ್ಲಿ ನಾನು ಅಂದು ಊಟಕ್ಕೆ ಕುಳಿತೆ. ಆ ಹುಡುಗ ನೆಲ ನೋಡುತ್ತ ನಿಂತಿದ್ದನೆಂಬುದು ನನಗೆ ನೆನಪಿದೆ. ಅದನ್ನು ನಾನು ವಿನಯವೆಂದು ತಿಳಿದೆ.

ಆ ಹುಡುಗನ ಮುಂದಿನ ಕಥೆಯನ್ನು ಹೇಳುವ ಮೊದಲು, ಇಂತಹ ಸಂಸ್ಥೆಗಳಲ್ಲಿ ಹಣದ ಪ್ರಶ್ನೆ ಎಷ್ಟು ದೊಡ್ಡದೆಂಬುದನ್ನು ಓದುಗರು ತಿಳಿಯುವುದು ಅಗತ್ಯ. ಜಮ್ಶೆಡ್‌ಪುರದಲ್ಲಿ ಯೇಸುಸಭೆಯ ಗುರುಗಳು 1949ರಲ್ಲಿ ಎಕ್ಸ್.ಎಲ್.ಆರ್.ಐ. ಸಂಸ್ಥೆಯನ್ನು ಸ್ಥಾಪಿಸಿದರು. ಸರಕಾರವು 1961ರಲ್ಲಿ ಕಲ್ಕತ್ತೆ ಹಾಗೂ ಅಹ್ಮದಾಬಾದುಗಳಲ್ಲಿ, 1973ರಲ್ಲಿ ನಮ್ಮ ಬೆಂಗಳೂರಿನಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್‌ಗಳನ್ನು ಆರಂಭಿಸಿತು. ಅಹ್ಮದಾಬಾದಿನ ಸಂಸ್ಥೆಯ ವಾರ್ಷಿಕ ಶುಲ್ಕವು 2004ರ ಆರಂಭದಲ್ಲಿ ಸುಮಾರು ಒಂದೂವರೆ ಲಕ್ಷ ರೂಪಾಯಿಗಳಷ್ಟಿತ್ತು. ಆ ವರ್ಷದ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಈ ಸಂಸ್ಥೆಗಳ ಶುಲ್ಕವನ್ನು 30,000 ರೂಪಾಯಿಗಳಿಗೆ ಇಳಿಸಲು ಆದೇಶಿಸಿದಾಗ ದೇಶದಲ್ಲಿ ದೊಡ್ಡ ವಾದವೆದ್ದಿತು. ಎಲ್ಲರಿಗೂ ಶುಲ್ಕ ಇಳಿಸಿದರೆ ಉಳ್ಳವರಿಗೂ ರಿಯಾಯಿತಿ ಕೊಟ್ಟಂತಾಗುತ್ತದೆ, ಅದರ ಬದಲು ಇಲ್ಲದವರಿಗೆ ವಿದ್ಯಾರ್ಥಿವೇತನ ಕೊಡುವುದೇ ಲೇಸು ಎಂಬುದು ವಿರೋಧಿಸಿದವರ ವಾದವಾಗಿತ್ತು. ಸರಕಾರ ಬದಲಾದ ಬಳಿಕ ಆ ಆದೇಶ ಜಾರಿಯಲ್ಲಿ ಉಳಿಯಲಿಲ್ಲ. 2008ರಲ್ಲಿ ಅಹ್ಮದಾಬಾದಿನ ಶುಲ್ಕವು ಎರಡು ವರ್ಷಗಳಿಗೆ ಹನ್ನೊಂದೂವರೆ ಲಕ್ಷಕ್ಕೆ ಏರಿತು. ಇಂದು ಅದು ಇಪ್ಪತ್ತು ಲಕ್ಷವನ್ನೂ ಮೀರಿದೆ.

ಇಷ್ಟು ದೊಡ್ಡ ಮೊತ್ತವನ್ನು ಸಾಧಾರಣ ಕುಟುಂಬವು ಬ್ಯಾಂಕಿನ ಸಾಲದ ಹೊರತು ಹೊಂದಿಸಲಾರದು. ಇಪ್ಪತ್ತು ಲಕ್ಷ ರೂಪಾಯಿಗಳನ್ನು ಶೇಕಡ 10ರ ಬಡ್ಡಿಯಲ್ಲಿ ಹತ್ತು ವರ್ಷಗಳ ಅವಧಿಗೆ ತೀರಿಸುವುದಾದರೆ ತಿಂಗಳ ಕಂತು ಸುಮಾರು 26,400 ರೂಪಾಯಿಗಳಾಗುತ್ತದೆ. ಓದು ಮುಗಿಸಿ ಹೊರಬರುವ ಇಪ್ಪತ್ತನಾಲ್ಕರ ಯುವಕನೊಬ್ಬನು ಮುಂದಿನ ಹತ್ತು ವರ್ಷ, ಅಂದರೆ ಮದುವೆ, ಮನೆ, ಮಕ್ಕಳು, ತಂದೆತಾಯಿಯರ ಔಷಧ ಇವೆಲ್ಲವುಗಳ ಕಾಲದಲ್ಲಿ, ಮೊದಲ ತೇದಿಗೆ ಈ ಮೊತ್ತವನ್ನು ಎತ್ತಿಡಬೇಕು. ಇದರ ಅರ್ಥವಿಷ್ಟೇ: ಕೆಲಸವನ್ನು ಆರಿಸಿಕೊಳ್ಳುವ ದಿನ ಅವನು ಒಬ್ಬನೇ ಆರಿಸುವುದಿಲ್ಲ, ಅವನ ಪಕ್ಕದಲ್ಲಿ ಕುಳಿತು ಬ್ಯಾಂಕೂ ಆರಿಸುತ್ತದೆ.

ಇದು ಬರಿಯ ಊಹೆಯಲ್ಲ. ಅಮೆರಿಕದ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕಾನೂನು ಶಾಲೆಯಲ್ಲಿ ಒಂದು ಅಪೂರ್ವ ಪ್ರಯೋಗ ನಡೆಯಿತು. ಅರ್ಥಶಾಸ್ತ್ರಜ್ಞೆ ಎರಿಕಾ ಫೀಲ್ಡ್ ಅದರ ಫಲಿತಾಂಶವನ್ನು 2009ರಲ್ಲಿ ಪ್ರಕಟಿಸಿದರು. ಪ್ರವೇಶ ಪಡೆದವರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಸಾಲ. ಮುಂದೆ ಅವರು ಕಡಿಮೆ ಸಂಬಳದ ಸಾರ್ವಜನಿಕ ಹಿತದ ಕೆಲಸಕ್ಕೆ ಸೇರಿದರೆ ಆ ಸಾಲವನ್ನು ಶಾಲೆಯೇ ತೀರಿಸುತ್ತದೆ. ಇನ್ನೊಂದು ಗುಂಪಿಗೆ ಮೊದಲೇ ಶುಲ್ಕದ ನೆರವು. ಸಾರ್ವಜನಿಕ ಹಿತದ ಕೆಲಸಕ್ಕೆ ಸೇರದಿದ್ದರೆ ಅದನ್ನು ಶಾಲೆಗೆ ಮರಳಿ ಕೊಡಬೇಕು. ಹಣದ ಲೆಕ್ಕದಲ್ಲಿ ಎರಡೂ ಸಮಾನ. ಆದರೆ ನೆರವು ಪಡೆದವರಲ್ಲಿ ಸಾರ್ವಜನಿಕ ಹಿತದ ಕೆಲಸಕ್ಕೆ ಸೇರಿದವರ ಪ್ರಮಾಣವು ಸಾಲ ಪಡೆದವರಿಗಿಂತ ಶೇಕಡ 36ರಿಂದ 45ರಷ್ಟು ಅಧಿಕವಾಗಿತ್ತು. ಅದು ಕಾನೂನು ಶಾಲೆಯಾದರೂ ಪಾಠವು ವ್ಯವಹಾರ ಶಾಲೆಗೂ ಸಲ್ಲುತ್ತದೆ. ಒಂದೇ ಮೊತ್ತ, ಒಂದೇ ಓದು. ‘ಸಾಲಗಾರ’ನೆಂದು ಕರೆಸಿಕೊಂಡವನು ಒಂದು ದಾರಿ ಹಿಡಿದ, ‘ನೆರವು ಪಡೆದವ’ನೆಂದು ಕರೆಸಿಕೊಂಡವನು ಇನ್ನೊಂದು ದಾರಿ ಹಿಡಿದ. ಮನುಷ್ಯನು ಹಣವನ್ನು ಬರಿಯ ಹಣವಾಗಿ ಪಡೆಯುವುದಿಲ್ಲ. ಅದರೊಂದಿಗೆ ಬಂದ ಸಂಬಂಧವನ್ನೂ ಪಡೆಯುತ್ತಾನೆ.

ಹೀಗಿರಲಾಗಿ ವಿದ್ಯಾರ್ಥಿವೇತನದ ನಿಜವಾದ ಬೆಲೆಯನ್ನು ರೂಪಾಯಿಗಳಲ್ಲಿ ಎಣಿಸಿದರೆ ಸಾಲದು. ಓದು ಮುಗಿದ ದಿನ ವಿದ್ಯಾರ್ಥಿಗೆ ಎಷ್ಟು ಸ್ವಾತಂತ್ರ್ಯ ಉಳಿದಿದೆ ಎಂಬುದರಿಂದ ಅದನ್ನು ಅಳೆಯಬೇಕು. ಹಾರ್ವರ್ಡ್ ಬಿಸಿನೆಸ್ ಸ್ಕೂಲು ತನ್ನ ವಿದ್ಯಾರ್ಥಿವೇತನಗಳನ್ನು ಪ್ರತಿಭೆಗೆ ಬಹುಮಾನವಾಗಿ ಕೊಡದೆ ಅಗತ್ಯವನ್ನು ನೋಡಿ ಕೊಡುತ್ತದೆ. 2022ರಲ್ಲಿ, ನಮ್ಮ ದೇಶದಲ್ಲೇ ಹುಟ್ಟಿ ಅಹ್ಮದಾಬಾದಿನಲ್ಲಿ ಓದಿದ ಶ್ರೀಕಾಂತ್ ದಾತಾರರು ಅಲ್ಲಿ ಡೀನ್ ಆಗಿದ್ದಾಗ, ಅತಿ ಹೆಚ್ಚು ಅಗತ್ಯವುಳ್ಳ ಸುಮಾರು ಶೇಕಡ 10ರಷ್ಟು ವಿದ್ಯಾರ್ಥಿಗಳಿಗೆ ಪೂರ್ಣ ಶುಲ್ಕವನ್ನೇ ಕೊಡುವುದಾಗಿ ಆ ಸಂಸ್ಥೆ ಪ್ರಕಟಿಸಿತು. ಆಗ ಅದು ವರ್ಷಕ್ಕೆ ಸುಮಾರು 76,000 ಡಾಲರುಗಳಷ್ಟಿತ್ತು. ಅಲ್ಲಿ ಪ್ರವೇಶ ಗಳಿಸಿದವರೆಲ್ಲರೂ ಪ್ರತಿಭಾವಂತರೇ. ಅವರಲ್ಲಿ ಅತಿ ಹೆಚ್ಚು ಅಗತ್ಯವುಳ್ಳವರಾದರೂ ಸಾಲದ ಹೊರೆಯಿಂದ ತಪ್ಪಿಸಿಕೊಳ್ಳಲಿ ಎಂಬ ನ್ಯಾಯ ಇದರಲ್ಲಿದೆ.

ಆದರೆ ಶುಲ್ಕವೊಂದು ತೀರಿದ ಮಾತ್ರಕ್ಕೆ ಎಲ್ಲವೂ ತೀರಲಿಲ್ಲ. ವ್ಯವಹಾರ ಶಾಲೆಯ ಪಾಠದ ಕ್ರಮವೇ ಬೇರೆ. ಯಾವುದೋ ಕಂಪೆನಿಯ ನಿಜವಾದ ಪ್ರಕರಣವೊಂದನ್ನು ಮುಂದಿಟ್ಟು, ‘ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?’ ಎಂದು ತರಗತಿಯನ್ನೇ ಕೇಳುವುದು ಅಲ್ಲಿಯ ಪದ್ಧತಿ. ಅಂಕಗಳಲ್ಲಿ ದೊಡ್ಡ ಪಾಲು ಬಾಯಿಬಿಟ್ಟು ಮಾತನಾಡುವವರಿಗೆ ಸಲ್ಲುತ್ತದೆ. ರಾತ್ರಿಯೆಲ್ಲ ಗುಂಪಿನಲ್ಲಿ ಕುಳಿತು ಚರ್ಚಿಸಬೇಕು. ಅಲ್ಲಿ ಬೆಳೆಯುವ ಸ್ನೇಹಗಳೇ ಮುಂದೆ ಉದ್ಯೋಗಕ್ಕೂ ಉದ್ಯಮಕ್ಕೂ ದಾರಿಯಾಗುತ್ತವೆ. ಆ ಸ್ನೇಹವಾದರೋ ತರಗತಿಯಲ್ಲಿ ಬೆಳೆಯುವುದು ಸ್ವಲ್ಪ. ಹೋಟೆಲಿನಲ್ಲಿ, ಪ್ರವಾಸದಲ್ಲಿ, ರಜೆಯ ಮೋಜಿನಲ್ಲಿ ಬೆಳೆಯುವುದೇ ಹೆಚ್ಚು. 2013ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಕುರಿತು ಬರೆದಾಗ, ಹಣವುಳ್ಳವರ ದುಬಾರಿ ಪ್ರವಾಸ, ಔತಣಗಳು ವಿದ್ಯಾರ್ಥಿಗಳನ್ನು ಹೇಗೆ ಇಬ್ಭಾಗ ಮಾಡುತ್ತಿವೆ ಎಂಬುದನ್ನು ಎತ್ತಿ ತೋರಿಸಿತ್ತು.

ನಮ್ಮ ಹುಡುಗನಿಗೂ ಆದದ್ದು ಇದೇ. ನಾಲ್ಕು ವರ್ಷಗಳ ಬಳಿಕ, ಒಂದು ಸಂಜೆ ಇಗರ್ಜಿಯ ಅಂಗಳದಲ್ಲಿ ಅಡ್ಡಾಡುತ್ತಾ ಅವನು ನನಗೆ ಇವೆಲ್ಲವನ್ನೂ ಹೇಳಿದ. ಮೊದಲ ವರ್ಷ ತಾನು ವಿದ್ಯಾರ್ಥಿವೇತನದ ಮೇಲೆ ಓದುತ್ತಿರುವುದನ್ನು ಅವನು ಯಾರಿಗೂ ತಿಳಿಸಿರಲಿಲ್ಲ. ಗೆಳೆಯರು ಗೋವೆಗೆ ಹೊರಟಾಗ ‘ಜ್ವರ’ ಎಂದ. ಇನ್ನೊಮ್ಮೆ ‘ಮನೆಯಿಂದ ನೆಂಟರು ಬರುತ್ತಾರೆ’ ಎಂದ. ಬಟ್ಟೆಗಳನ್ನು ಎಲ್ಲರೂ ಮಲಗಿದ ಮೇಲೆ ತಾನೇ ಒಗೆದುಕೊಂಡ. ತರಗತಿಯಲ್ಲಿ ತಪ್ಪು ಮಾತನಾಡಿದರೆ ‘ಇವನಿಗೇಕೆ ಶುಲ್ಕ ಮನ್ನಾ?’ ಎಂದು ಪ್ರಾಧ್ಯಾಪಕರು ಭಾವಿಸಿಯಾರೆಂದು ಹೆದರಿ, ಉತ್ತರ ತಿಳಿದಿದ್ದಾಗಲೂ ಕೈಯೆತ್ತಲಿಲ್ಲ. ಉಳಿದವರಿಗೆ ತಪ್ಪು ಮಾಡುವ ಹಕ್ಕಿತ್ತು, ತನಗಿರಲಿಲ್ಲ ಎಂದು ಅವನು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಾಟಿತು. ತಪ್ಪು ಮಾಡಲು ಹೆದರುವವನು ಕಲಿಯುವುದು ಕಷ್ಟ. ನಾವು ಅವನಿಗೆ ಶಾಲೆಯ ಬಾಗಿಲನ್ನು ತೆರೆದೆವು, ಆದರೆ ಒಳಗೆ ಬಾಯಿ ಬಿಡಲು ಬೇಕಾದ ಧೈರ್ಯವನ್ನು ಆ ಭಾನುವಾರ ಪೀಠದ ಬಳಿಯಲ್ಲೇ ಕಿತ್ತುಕೊಂಡೆವು.

ಎರಡನೆಯ ವರ್ಷ ಸಂಸ್ಥೆಯು ದಾನಿಗಳಿಗಾಗಿ ಒಂದು ಔತಣವನ್ನು ಏರ್ಪಡಿಸಿತಂತೆ. ವಿದ್ಯಾರ್ಥಿವೇತನ ಪಡೆದವರು ಸಾಲಾಗಿ ನಿಂತು, ತಂತಮ್ಮ ಮನೆಯ ಸ್ಥಿತಿಯನ್ನು ಎರಡೆರಡು ನಿಮಿಷಗಳಲ್ಲಿ ಹೇಳಿ ವಂದಿಸಬೇಕಾಗಿತ್ತು. ಯಾರದೋ ಕೋಟನ್ನು ಎರವಲು ಪಡೆದು ಅವನೂ ನಿಂತ. ತಾಯಿಯ ಬೀಡಿಯ ವಿಷಯ ಹೇಳಿದ. ಚಪ್ಪಾಳೆ ಬಿತ್ತು. “ಫಾದರ್, ಅಲ್ಲಿ ನಿಂತಾಗ ನಮ್ಮ ಇಗರ್ಜಿಯಲ್ಲೇ ನಿಂತ ಹಾಗಾಯಿತು” ಎಂದ. ಅವನ ದನಿಯಲ್ಲಿ ನಿಂದನೆಯಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು. ದಾನವನ್ನು ಗುಟ್ಟಾಗಿ ಕೊಡಬೇಕೆಂದು ಪ್ರಭು ಯೇಸು ಬೋಧಿಸಿದ್ದನ್ನು ವರ್ಷಕ್ಕೊಮ್ಮೆ ವಿಭೂತಿ ಬುಧವಾರದಂದು ನಾನೇ ಓದುತ್ತೇನೆ. ನಾನೇ ಡಂಗುರ ಸಾರಿದ್ದೆ.

ಕೊನೆಯ ವರ್ಷ ಕ್ಯಾಂಪಸ್ ನೇಮಕಾತಿಯ ಕಾಲ ಬಂತು. ಅವನ ಮುಂದೆ ಎರಡು ಅವಕಾಶಗಳಿದ್ದವು. ಮುಂಬಯಿಯ ಹಣಕಾಸು ಸಂಸ್ಥೆಯೊಂದರಲ್ಲಿ ದೊಡ್ಡ ಸಂಬಳದ ಹುದ್ದೆ ಒಂದು. ರೈತರ ಉತ್ಪಾದಕ ಸಂಘಗಳಿಗೆ ಮಾರುಕಟ್ಟೆ ಒದಗಿಸುವ ಸಂಸ್ಥೆಯೊಂದರಲ್ಲಿ, ಅದರ ಮೂರರಲ್ಲೊಂದು ಸಂಬಳದ ಹುದ್ದೆ ಇನ್ನೊಂದು. ಅವನ ಮನಸ್ಸು ಎರಡನೆಯದರ ಮೇಲಿತ್ತು. ಬ್ಯಾಂಕಿನ ಸಾಲವಿಲ್ಲದ ಅವನು ಅದನ್ನು ಆರಿಸಿಕೊಳ್ಳಲು ಸ್ವತಂತ್ರನೂ ಆಗಿದ್ದ. ಆದರೆ ಊರಿನಲ್ಲಿ ಮಾತು ಬೇರೆಯಾಗಿತ್ತು. “ಇಷ್ಟೆಲ್ಲ ಸಹಾಯ ಪಡೆದು ಹಾಲಿನ ಸೊಸೈಟಿಯಂಥದ್ದಕ್ಕೆ ಸೇರುವುದೇ?” ಎಂದು ನಮ್ಮ ಸಮಿತಿಯ ಹಿರಿಯರೊಬ್ಬರು ಅವನ ತಂದೆಯನ್ನು ಕೇಳಿದರಂತೆ. ತಂದೆ ಮಗನಿಗೆ ಫೋನು ಮಾಡಿ ಮಾತನ್ನು ಮುಟ್ಟಿಸಿದರು. ಅವನು ಮುಂಬಯಿಗೆ ಹೋದ.

ಒಂದು ವರ್ಷ ತುಂಬುವುದರೊಳಗೆ ಅವನಿಂದ ನಮ್ಮ ನಿಧಿಗೆ 60,000 ರೂಪಾಯಿಗಳ ಚೆಕ್ಕು ಬಂತು. ನಾನು ಸಂತೋಷಪಟ್ಟೆ. ಬೇರೆ ಮಕ್ಕಳಿಗೆ ಮಾದರಿಯೆಂದು ಮತ್ತೆ ಭಾನುವಾರ ಪ್ರಕಟಿಸಿದೆ. ಆ ಚೆಕ್ಕಿನ ಕುರಿತು ಅಂದು ಅಂಗಳದಲ್ಲಿ ಅವನು ಹೇಳಿದ್ದು ಇಷ್ಟೇ: “ಅದನ್ನು ಅಂಚೆಗೆ ಹಾಕಿದ ರಾತ್ರಿ ನನಗೆ ನಿದ್ದೆ ಬಂತು, ಫಾದರ್. ಇನ್ನು ಯಾರೂ ಏನೂ ಕೇಳುವಂತಿಲ್ಲ ಅನ್ನಿಸಿತು.”

ಉಪಕಾರಕ್ಕೆ ಪ್ರತಿಯಾಗಿ ಮನಸ್ಸಿನ ಪ್ರೀತಿಯನ್ನು ಕೂಡಲೇ ಕೊಡಬೇಕು, ಆದರೆ ವಸ್ತುವನ್ನು ಹಿಂದಿರುಗಿಸಲು ತಕ್ಕ ಕಾಲಕ್ಕಾಗಿ ಕಾಯಬೇಕು ಎಂಬುದು ಅಕ್ವಿನಾಸರ ಅಭಿಪ್ರಾಯ. ಅತಿಯಾದ ಆತುರದಿಂದ ಹಿಂದಿರುಗಿಸುವವನು ಕೃತಜ್ಞನಲ್ಲ, ಬಿಡುಗಡೆ ಬಯಸುವ ಸಾಲಗಾರ ಎಂಬ ರೋಮನ್ ದಾರ್ಶನಿಕ ಸೆನೆಕಾನ ವಿಚಾರವನ್ನು ಅವರು ಅಲ್ಲಿ ಸ್ಮರಿಸುತ್ತಾರೆ. ಆ ಚೆಕ್ಕು ಕೃತಜ್ಞತೆಯ ಕಾಣಿಕೆಯಾಗಿರಲಿಲ್ಲ. ಅದು ಹಂಗಿನಿಂದ ಬಿಡಿಸಿಕೊಳ್ಳಲು ಕೊಟ್ಟ ಬಿಡುಗಡೆಯ ಹಣವಾಗಿತ್ತು. ಸಂಸ್ಥೆಯು ಕೊಟ್ಟ ಸ್ವಾತಂತ್ರ್ಯವನ್ನು ಅದಕ್ಕಿಂತ ಎಷ್ಟೋ ಕಿರಿದಾದ ನಮ್ಮ ಮೊತ್ತದ ಬಲದಿಂದ ನಾವು ಕಸಿದುಕೊಂಡಿದ್ದೆವು. ಬ್ಯಾಂಕು ಅವನ ಪಕ್ಕದಲ್ಲಿ ಕುಳಿತಿರಲಿಲ್ಲವೆಂಬುದು ನಿಜ. ಆ ಕುರ್ಚಿಯಲ್ಲಿ ನಾವು ಕುಳಿತಿದ್ದೆವು.

ಹಾಗಾದರೆ ವಿದ್ಯಾರ್ಥಿವೇತನಕ್ಕೆ ಷರತ್ತೇ ಇರಕೂಡದೇ ಎಂದು ಕೆಲವರು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ. ಷರತ್ತು ಇರಬಹುದು, ಆದರೆ ಅದು ಬರವಣಿಗೆಯಲ್ಲಿರಬೇಕು, ಮೊದಲೇ ತಿಳಿದಿರಬೇಕು, ಅದಕ್ಕೊಂದು ಕೊನೆಯಿರಬೇಕು. ಭಾರತೀಯ ವಿದ್ಯಾರ್ಥಿಗಳು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವ್ಯವಹಾರ ಶಾಲೆಯಲ್ಲಿ ಓದಲೆಂದು ರಿಲಯನ್ಸ್ ಹೆಸರಿನಲ್ಲಿ ಸ್ಥಾಪನೆಯಾದ ಫೆಲೋಶಿಪ್ಪಿನ ನಿಯಮವನ್ನು ನೋಡಿ: ಪದವಿ ಪಡೆದ ಎರಡು ವರ್ಷಗಳೊಳಗೆ ಸ್ವದೇಶಕ್ಕೆ ಮರಳಿ, ಭಾರತೀಯ ಸಂಸ್ಥೆಯೊಂದರಲ್ಲಿ ಕನಿಷ್ಠ ಎರಡು ವರ್ಷ ದುಡಿಯಬೇಕು. ಕಟ್ಟುನಿಟ್ಟಾದ ಷರತ್ತೇ ಹೌದು. ಆದರೆ ಅದರಲ್ಲಿ ಹಂಗಿಲ್ಲ. ಒಪ್ಪುವವನು ತಿಳಿದು ಒಪ್ಪುತ್ತಾನೆ. ನಡೆಸಿಕೊಟ್ಟ ಮೇಲೆ ತಲೆಯೆತ್ತಿ ನಡೆಯುತ್ತಾನೆ. ಬರೆಯದ ಷರತ್ತನ್ನು ಮಾತ್ರ ಎಷ್ಟು ನಡೆಸಿಕೊಟ್ಟರೂ ಮುಗಿಯುವುದಿಲ್ಲ.

ಇದಕ್ಕೆ ನಮ್ಮ ದೇಶದಲ್ಲೇ ಒಂದು ಭವ್ಯ ನಿದರ್ಶನವಿದೆ. ಕೇರಳದ ಕ್ರೈಸ್ತ ಕುಟುಂಬವೊಂದರಲ್ಲಿ 1921ರಲ್ಲಿ ಹುಟ್ಟಿ, ಮದ್ರಾಸಿನ ಲೊಯೋಲಾ ಕಾಲೇಜಿನಲ್ಲಿ ಓದಿದ ವರ್ಗೀಸ್ ಕುರಿಯನ್ ಅವರಿಗೆ ಸರಕಾರವು ಅಮೆರಿಕದ ಮಿಶಿಗನ್‌ನಲ್ಲಿ ವ್ಯಾಸಂಗ ಮಾಡಲು ವಿದ್ಯಾರ್ಥಿವೇತನ ನೀಡಿತು. ವಿಷಯ ಹೈನು ತಾಂತ್ರಿಕತೆ. ಅವರಿಗೆ ಅದರಲ್ಲಿ ಆಸಕ್ತಿಯೇ ಇರಲಿಲ್ಲ. ಮರಳಿ ಬಂದ ಮೇಲೆ ಸರಕಾರಕ್ಕೆ ದುಡಿಯಬೇಕೆಂಬ ಕರಾರಿನಂತೆ 1949ರ ಮೇ ತಿಂಗಳಲ್ಲಿ ಗುಜರಾತಿನ ಆಣಂದ್ ಎಂಬ ಸಣ್ಣ ಊರಿಗೆ ಒಲ್ಲದ ಮನಸ್ಸಿನಿಂದಲೇ ಹೋದರು. ಅಲ್ಲಿಂದ ಪಾರಾಗುವ ದಿನವನ್ನೇ ಕಾಯುತ್ತಿದ್ದರು. ಆದರೆ ಕರಾರಿನಿಂದ ಬಿಡುಗಡೆ ದೊರೆತಾಗ, ರೈತರ ಹಾಲಿನ ಸಹಕಾರ ಸಂಘದ ನಾಯಕ ತ್ರಿಭುವನದಾಸ್ ಪಟೇಲರು ‘ಸ್ವಲ್ಪ ದಿನ ಉಳಿಯಿರಿ’ ಎಂದು ಕೇಳಿಕೊಂಡರು. ಕುರಿಯನ್ ಉಳಿದರು. ಆ ಉಳಿಯುವಿಕೆಯಿಂದ ಅಮುಲ್ ಬೆಳೆಯಿತು, 1970ರಲ್ಲಿ ಕ್ಷೀರಧಾರೆಯ ಮಹಾಯೋಜನೆ ಆರಂಭವಾಯಿತು, 1979ರಲ್ಲಿ ಗ್ರಾಮೀಣ ನಿರ್ವಹಣೆಯನ್ನು ಕಲಿಸುವ ‘ಇರ್ಮಾ’ ಸಂಸ್ಥೆ ಆಣಂದಿನಲ್ಲೇ ತಲೆಯೆತ್ತಿತು. ರೈತರಿಗಾಗಿ ದುಡಿಯಬಲ್ಲ ವ್ಯವಸ್ಥಾಪಕರನ್ನು ತಯಾರು ಮಾಡುವ ಆ ಶಾಲೆಯು 2025ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ, ಅದೇ ತ್ರಿಭುವನದಾಸರ ಹೆಸರಿನ ಸಹಕಾರಿ ವಿಶ್ವವಿದ್ಯಾಲಯದ ಭಾಗವಾಯಿತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಕರಾರು ಕುರಿಯನ್ನರನ್ನು ಆಣಂದಿಗೆ ತಂದಿತು. ಅಲ್ಲಿ ಉಳಿಸಿದ್ದು ಕರಾರಲ್ಲ. ಬಿಡುಗಡೆಯ ಪತ್ರ ದೊರೆತ ಮೇಲೆಯೇ ಅವರು ನಿಜವಾಗಿ ಕೊಡಲಾರಂಭಿಸಿದರು. ಕೊಟ್ಟದ್ದಾದರೋ, ವಿದ್ಯಾರ್ಥಿವೇತನ ನೀಡಿದ ಇಲಾಖೆಗಲ್ಲ. ಆ ಇಲಾಖೆಯ ಹೆಸರನ್ನೂ ಕೇಳಿರದ ಲಕ್ಷಾಂತರ ರೈತ ಕುಟುಂಬಗಳಿಗೆ. ಋಣದ ರೀತಿಯೇ ಹಾಗೆ. ಅದು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುವುದು ಅಪರೂಪ. ತಾಯಿಯ ಋಣವನ್ನು ನಾವು ತೀರಿಸುವುದು ನಮ್ಮ ಮಕ್ಕಳಿಗೆ ತಾನೇ?

ಈಗ ನಮ್ಮ ನಮ್ಮ ಮನೆಗಳ ಮಾತಿಗೆ ಬರೋಣ. ಮೊದಲನೆಯದಾಗಿ ಕೊಡುವವರಿಗೆ, ಎಂದರೆ ನಮ್ಮ ಧರ್ಮಕೇಂದ್ರಗಳ ನಿಧಿಗಳಿಗೆ, ಸಂಘಗಳಿಗೆ, ಪರದೇಶದಲ್ಲಿ ದುಡಿದು ಊರಿನ ಮಕ್ಕಳಿಗಾಗಿ ಹಣ ಕಳುಹಿಸುವ ಉದಾರಿಗಳಿಗೆ ಒಂದು ವಿನಂತಿ. ಪಡೆದವರ ಹೆಸರನ್ನು ಪೀಠದಿಂದ ಓದುವುದು ಬೇಡ, ಪತ್ರಿಕೆಯಲ್ಲಿ ಚಿತ್ರ ಹಾಕುವುದು ಬೇಡ. ಲೆಕ್ಕಪತ್ರ ಸಮಿತಿಯ ಮುಂದಿರಲಿ. ನೆರವು ಪಡೆದವರ ಸಂಖ್ಯೆ ಮತ್ತು ಒಟ್ಟು ಮೊತ್ತವನ್ನು ಸಭೆಗೆ ತಿಳಿಸಿದರೆ ಸಾಕು. ಶುಲ್ಕವನ್ನಷ್ಟೇ ಲೆಕ್ಕಹಾಕದೆ ಸಂದರ್ಶನಕ್ಕೆ ಬೇಕಾದ ಒಂದು ಜೊತೆ ಒಳ್ಳೆಯ ಬಟ್ಟೆ, ಬೂಟು, ಊರಿಗೆ ಬಂದುಹೋಗುವ ರೈಲಿನ ಖರ್ಚು, ಗೆಳೆಯರೊಂದಿಗೆ ಒಂದು ಊಟದ ಖರ್ಚು ಇವುಗಳನ್ನೂ ಸೇರಿಸಿರಿ. ಇದು ವಿಲಾಸವಲ್ಲ, ಆ ಓದಿನ ಅರ್ಧ ಭಾಗ ಅಲ್ಲಿಯೇ ನಡೆಯುತ್ತದೆಂಬುದನ್ನು ಮೇಲೆ ಕಂಡೆವು. ಕಲಾವಿದನು ತನ್ನ ಕೃತಿಯನ್ನು ಪ್ರೀತಿಸುವಂತೆ ಉಪಕಾರ ಮಾಡಿದವನು ಉಪಕೃತನನ್ನು ಪ್ರೀತಿಸುತ್ತಾನೆಂದು ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ವಿವರಿಸಿದ್ದಾನೆ. ಅದು ಸಹಜ. ಆದರೆ ವಿದ್ಯಾರ್ಥಿಯು ನಮ್ಮ ಕೈಯ ಮಡಕೆಯಲ್ಲ.

ಎರಡನೆಯದಾಗಿ ತಂದೆತಾಯಿಯರಿಗೆ. ಮಗ ಅಥವಾ ಮಗಳು ಎಂ.ಬಿ.ಎ.ಗೆ ಹೊರಟಾಗ ಯಾವ ಹಣ ಸಾಲ, ಯಾವುದು ನೆರವು ಎಂಬುದನ್ನು ಮನೆಮಂದಿಯೆಲ್ಲ ಕುಳಿತು ಒಂದು ಕಾಗದದಲ್ಲಿ ಬರೆದಿಡಿರಿ. ಸಾಲವೇ ಅನಿವಾರ್ಯವಾದರೆ ಖಾಸಗಿ ಬಡ್ಡಿಯವರ ಬಳಿಗೆ ಓಡುವ ಮೊದಲು ಸರಕಾರದ ವ್ಯವಸ್ಥೆಯನ್ನು ವಿಚಾರಿಸಿರಿ. ಕೇಂದ್ರ ಸಚಿವ ಸಂಪುಟವು 2024ರ ನವೆಂಬರಿನಲ್ಲಿ ಅಂಗೀಕರಿಸಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಉತ್ತಮ ಸಂಸ್ಥೆಗಳಿಗೆ ಪ್ರವೇಶ ಪಡೆದವರಿಗೆ ಅಡಮಾನವಾಗಲಿ ಜಾಮೀನಾಗಲಿ ಇಲ್ಲದೆ ಬ್ಯಾಂಕುಗಳು ಸಾಲ ನೀಡುವ ಏರ್ಪಾಡಿದೆ. ವಾರ್ಷಿಕ ಆದಾಯ ಎಂಟು ಲಕ್ಷದೊಳಗಿರುವ, ಬೇರೆ ಸರಕಾರಿ ವಿದ್ಯಾರ್ಥಿವೇತನ ಅಥವಾ ಬಡ್ಡಿ ರಿಯಾಯಿತಿ ಪಡೆಯದ ಕುಟುಂಬಗಳ ವಿದ್ಯಾರ್ಥಿಗಳಿಗೆ, ಹತ್ತು ಲಕ್ಷದವರೆಗಿನ ಸಾಲದ ಮೇಲೆ ಓದಿನ ಮತ್ತು ಅನಂತರದ ವಿರಾಮದ ಅವಧಿಯಲ್ಲಿ ಬಡ್ಡಿಯಲ್ಲಿ ಶೇಕಡ 3ರ ರಿಯಾಯಿತಿಯನ್ನೂ ಅದು ಕಲ್ಪಿಸಿದೆ. ಪ್ರವೇಶ ಪತ್ರ ಕೈಸೇರಿದೊಡನೆ, ಸಂಕೋಚಪಡದೆ, ಅಗತ್ಯಾಧಾರಿತ ನೆರವು ಉಂಟೇ ಎಂದು ಸಂಸ್ಥೆಯನ್ನೂ ಕೇಳಿರಿ. ಎಲ್ಲಕ್ಕಿಂತ ಮುಖ್ಯವಾಗಿ, ನೆರವಿನಿಂದ ಓದಿದ ಮಗನಿಗೆ ಇಂತಿಷ್ಟು ಸಂಬಳ ಬರಲೇಬೇಕೆಂದು ಊರವರ ಮುಂದೆ ಲೆಕ್ಕ ಹೇಳಬೇಡಿರಿ. ಮನೆಯ ಕಷ್ಟವನ್ನು ಮಗುವಿಗೆ ತಿಳಿಸುವುದು ತಪ್ಪ Lಲ್ಲ. ಊರಿನ ಬಾಯಿಗೆ ಹೆದರಿ ಅವನ ಬದುಕನ್ನು ನಿರ್ಧರಿಸುವುದು ತಪ್ಪು.

ಕೊನೆಯದಾಗಿ ವಿದ್ಯಾರ್ಥಿಗಳಿಗೆ. ನೆರವು ಪಡೆದುದನ್ನು ಸಾರಿ ಹೇಳುವ ಅಗತ್ಯ ನಿಮಗಿಲ್ಲ. ಅದನ್ನು ಬಚ್ಚಿಡಬೇಕಾದ ಅಗತ್ಯವೂ ಇಲ್ಲ. ‘ಈ ಬಾರಿ ನನ್ನಲ್ಲಿ ಹಣವಿಲ್ಲ’ ಎಂದು ಸರಳವಾಗಿ ಹೇಳಬಲ್ಲವನಿಗೆ ಜ್ವರದ ನೆಪ ಬೇಕಾಗುವುದಿಲ್ಲ. ತರಗತಿಯಲ್ಲಿ ಕೈಯೆತ್ತಿರಿ. ಸಣ್ಣ ಅಂಗಡಿಯ ಲೆಕ್ಕ, ಬೀಡಿಯ ಮಜೂರಿ, ಮೀನಿನ ಏಲಂ, ಅಡಿಕೆಯ ಧಾರಣೆಯ ಏರಿಳಿತ ಇವುಗಳನ್ನು ಮನೆಯಲ್ಲೇ ಕಂಡು ಬೆಳೆದವರು ನೀವು. ಆ ತಿಳಿವಳಿಕೆ ಅಲ್ಲಿ ಎಲ್ಲರಲ್ಲೂ ಇರುವುದಿಲ್ಲ. ಉದ್ಯೋಗವನ್ನು ಆರಿಸುವಾಗ ದೊಡ್ಡ ಸಂಬಳವನ್ನು ಆರಿಸಿಕೊಂಡರೂ ಪಾಪವಲ್ಲ. ಮನೆಯಲ್ಲಿ ರೋಗಿಯಿದ್ದಾಗ, ತಂಗಿಯ ಓದು ಬಾಕಿಯಿದ್ದಾಗ ಅದೇ ಸರಿಯಾದ ಆಯ್ಕೆಯಾಗಬಹುದು. ಆದರೆ ಅದನ್ನು ಆರಿಸಿದ್ದು ನೀವೇ ಆಗಿರಲಿ.

ಆ ಹುಡುಗ ಈಗಲೂ ಮುಂಬಯಿಯಲ್ಲೇ ಇದ್ದಾನೆ. ರೈತ ಸಂಘದ ಆ ಕೆಲಸಕ್ಕೆ ಅವನು ಮರಳಲಿಲ್ಲ. ಹೋದ ಅವಕಾಶಗಳೆಲ್ಲ ತಿರುಗಿ ಬರುವುದಿಲ್ಲ. ಅಂದು ಅಂಗಳದಲ್ಲಿ ನಾನು ಅವನ ಕ್ಷಮೆ ಕೇಳಿದೆ. ಅವನು ಮುಜುಗರದಿಂದ ಮಾತು ಬದಲಿಸಿದ. ಆದರೆ ಕಳೆದ ವರ್ಷ, ಅದೇ ಊರಿನ ಬಡ ಹುಡುಗಿಯೊಬ್ಬಳು ಎಂ.ಬಿ.ಎ. ಪ್ರವೇಶ ಪರೀಕ್ಷೆಗೆ ಸಿದ್ಧಳಾಗುತ್ತಿದ್ದಾಗ, ಪ್ರತಿ ಭಾನುವಾರ ರಾತ್ರಿ ಒಂದು ಗಂಟೆ ಫೋನಿನಲ್ಲಿ ಅವಳಿಗೆ ಪಾಠ ಹೇಳಿ ಸಂದರ್ಶನಕ್ಕೆ ತಯಾರು ಮಾಡುತ್ತಿದ್ದವನು ಅವನೇ ಎಂದು ಅವಳ ತಾಯಿಯಿಂದ ನನಗೆ ತಿಳಿಯಿತು. ಅವನು ಯಾರಿಗೂ ಹೇಳಿರಲಿಲ್ಲ. ಇದನ್ನು ಬರೆಯಲೇ ಎಂದು ಕೇಳಿದಾಗ, ಹೆಸರು, ಊರು ಬೇಡವೆಂಬ ಒಂದೇ ಷರತ್ತಿನ ಮೇಲೆ ಒಪ್ಪಿದ. 60,000 ರೂಪಾಯಿಗಳ ಚೆಕ್ಕಿನಿಂದ ತೀರಿದ್ದು ನಮ್ಮ ಹಂಗು. ಋಣವನ್ನು ಅವನು ಈಗ ಸಲ್ಲಿಸುತ್ತಿದ್ದಾನೆ, ಅದೂ ಯಾರೂ ಕೇಳದೆ.

ಆ ಹುಡುಗಿಗೆ ಪ್ರವೇಶ ದೊರೆತಿದೆ. ಈ ಜೂನಿನಲ್ಲಿ ಅವಳು ಹೊರಡುತ್ತಾಳೆ. ಅವಳ ಧರ್ಮಕೇಂದ್ರದ ಗುರುಗಳಿಗೆ ನಾನು ಒಂದು ಪತ್ರ ಬರೆದಿದ್ದೇನೆ: ಅವಳಿಗಾಗಿ ಪ್ರಾರ್ಥಿಸಿರಿ, ಬೇಕಾದುದನ್ನು ಕೊಡಿರಿ, ಪೀಠದ ಬಳಿಗೆ ಮಾತ್ರ ಕರೆಯಬೇಡಿರಿ.